ಸೊನ್ನೆ ತಪ್ಪಿದ ಮೂರು ತಿಂಗಳು

ಏಳನೇ ಕಾಲಮ್ಮಿನವರೆಗೆ ಬರೆಯಲು ಅವನಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಹುದ್ದೆ, ಸೇವೆಗೆ ಸೇರಿದ ವರ್ಷ, ಬಿಲ್ಲೆಯ ನಂಬರು, ಬಿಲ್ಲೆ ಧರಿಸಿದ ಮೂರು ತಿಂಗಳು, ಆ ಮೂರು ತಿಂಗಳಲ್ಲಿ ತಪಾಸಣೆಗೆ ಹೋದ ಘಟಕ, ಬಿಲ್ಲೆಯಲ್ಲಿ ಕಂಡ ವಿಕಿರಣದ ಪ್ರಮಾಣ, ಹಿಂದಿನ ವರ್ಷಗಳ ಪ್ರಮಾಣ, ಎಲ್ಲ ಬಾಯಿಪಾಠ. ಎಂಟನೆಯದಕ್ಕೆ ಬಂದು ಪೆನ್ನು ನಿಂತಿತು. 'ಈ ಪ್ರಮಾಣ ಎಲ್ಲಿಂದ ಬಂದಿತೆಂಬುದಕ್ಕೆ ನೌಕರನ ವಿವರಣೆ.' ಕೆಳಗೆ ನಾಲ್ಕು ಖಾಲಿ ಗೆರೆ. ಒಂಬತ್ತು ದಿನದಿಂದ ಆ ನಾಲ್ಕು ಗೆರೆಗಳು ಅವನನ್ನು ಗುರಾಯಿಸುತ್ತಿದ್ದವು. ತಮಾಷೆಯೆಂದರೆ ಆ ಫಾರಂ ಅವನೇ ಹಡೆದ ಕೂಸು. ಹನ್ನೊಂದು ವರ್ಷದ ಹಿಂದೆ ಕೂತು ಬರೆದು, ಕಾಲಂ ಎಳೆದು, ಆಗಿನ ಡೈರೆಕ್ಟರ ಮುಂದಿಟ್ಟಾಗ ಅವರು ಕನ್ನಡಕ ಏರಿಸಿಕೊಂಡು "ನಾಲ್ಕು ಗೆರೆ ಸಾಕಾಗುತ್ತೇನ್ರೀ?" ಎಂದಿದ್ದರು. "ನಿಜ ಹೇಳೋದಾದ್ರೆ ಧಾರಾಳ ಸರ್" ಎಂದಿದ್ದ. ಎಂಥ ಠೀವಿ! ಇಂಥ ಎಷ್ಟು ನೋಟಿಸುಗಳನ್ನು ಎಷ್ಟು ಜನರಿಗೆ ಕಳಿಸಿದ್ದನೋ, ಅವರು ಇದೇ ಎಂಟನೇ ಕಾಲಮ್ಮಿನ ಮುಂದೆ ಬೆವರುತ್ತ ಕೂತಿದ್ದರು ಎಂಬುದು ಅವನ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಈಗ ಹೊಳೆಯಿತು, ಆದರೆ ಅದರಿಂದ ಗೆರೆಯೇನೂ ತುಂಬಲಿಲ್ಲ.

ಆಸ್ಪತ್ರೆಗಳಿಗೆ ವಿಕಿರಣ ಸೂಸುವ ಔಷಧ ತಯಾರಿಸುವ ಘಟಕಗಳಿಗೆ ಪರವಾನಗಿ ಕೊಡುವ ಕಚೇರಿ ಅದು. ಅವನು ಅಲ್ಲಿಯ ತಪಾಸಕ. ಘಟಕಕ್ಕೆ ಹೋಗಿ, ಬಾಗಿಲು ಗೋಡೆ ಗಾಳಿ ನೀರು ಎಲ್ಲ ಅಳೆದು, ಸರಿಯಿದ್ದರೆ ಸರಿ ಎಂದು ಬರೆದರೆ ಪರವಾನಗಿ ಮುಂದುವರಿಯುತ್ತಿತ್ತು. ಹೋಗುವಾಗ ಅಂಗಿಯ ಎಡ ಜೇಬಿಗೆ ಬೆಂಕಿಪೆಟ್ಟಿಗೆಗಿಂತ ಚಿಕ್ಕ ಬಿಲ್ಲೆಯೊಂದನ್ನು ಸಿಕ್ಕಿಸಿಕೊಳ್ಳಬೇಕು. ಕಣ್ಣಿಗೆ ಕಾಣದ ಕಿರಣ ಮೈಗೆ ತಾಗಿದಷ್ಟೂ ಅದು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಹೋಗಿ ಒಂದು ಅಂಕಿಯಾಗಿ ಹಿಂದಕ್ಕೆ ಬರುತ್ತದೆ. ಇಪ್ಪತ್ತೆರಡು ವರ್ಷ ಅವನ ಅಂಕಿ ಸೊನ್ನೆ. ನಿಲ್ಲಬೇಕಾದ ಕಡೆ ನಿಂತು, ಮುಟ್ಟಬಾರದ್ದನ್ನು ಮುಟ್ಟದೆ, ಹೆಚ್ಚು ಹೊತ್ತು ಎಲ್ಲೂ ತಂಗದೆ ಬರುವ ಮನುಷ್ಯನಿಗೆ ಸೊನ್ನೆಯಲ್ಲದೆ ಇನ್ನೇನು ಬಂದೀತು? ಕಚೇರಿಯಲ್ಲಿ ಅವನ ಬೆನ್ನ ಹಿಂದೆ 'ಸೊನ್ನೆ ಸಾಹೇಬರು' ಎನ್ನುತ್ತಿದ್ದರು. ಅದು ಅವನ ಕಿವಿಗೆ ಬಿದ್ದಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಈ ಸಲ ಬಂದದ್ದು ಸೊನ್ನೆಯ ಮುಂದೊಂದು ಚುಕ್ಕಿ, ಚುಕ್ಕಿಯ ಮುಂದೆ ಮೂರು. ಮಿತಿಯ ಹತ್ತಿರಕ್ಕೂ ಸುಳಿಯದಷ್ಟು ಸಣ್ಣದು, ಯಾರ ಕೂದಲೂ ಕೊಂಕುವುದಿಲ್ಲ. ಆದರೆ ತಪಾಸಕನ ಬಿಲ್ಲೆ ಮಾತಾಡಿತೆಂದರೆ ಅವನು ಹೋಗಿಬಂದ ಘಟಕದಲ್ಲಿ ಏನೋ ಸೋರಿದೆ ಎಂದೇ ಕಚೇರಿಯ ಲೆಕ್ಕ. ವಿವರಣೆ ಬರುವ ತನಕ ಆ ಘಟಕದ ಕಡತ ಕದಲುವಂತಿಲ್ಲ. ಈ ನಿಯಮವೂ ಅವನದೇ. ಕಡತ ನಿಂತಿತು, ಅದೇ ದಿನ ಹಳೆಯ ಪರವಾನಗಿಯ ಅವಧಿ ಮುಗಿಯಿತು, ಯಂತ್ರವೂ ನಿಂತಿತು. ಇವತ್ತಿಗೆ ಒಂಬತ್ತು ದಿನ.

ಹನ್ನೊಂದು ಗಂಟೆಗೆ ಆ ಘಟಕದ ಮುಖ್ಯಸ್ಥ ಬಂದ. ಅವನಿಗೆ ಗಡಿಯಾರ ಎಂದು ಅಡ್ಡಹೆಸರು. ತಯಾರಾದ ಔಷಧ ಎರಡು ಗಂಟೆಯೊಳಗೆ ಅರ್ಧ ಶಕ್ತಿ ಕಳೆದುಕೊಳ್ಳುವುದರಿಂದ ಆ ಮನುಷ್ಯ ಬದುಕನ್ನೇ ನಿಮಿಷದಲ್ಲಿ ಎಣಿಸುತ್ತಿದ್ದ. ಮದುವೆಗೆ ಕರೆದರೂ ದಾರಿ ಎಷ್ಟು ನಿಮಿಷ ಎಂದು ಕೇಳುವ ಪೈಕಿ. ಇವತ್ತು ಅವನ ಕೈಯಲ್ಲಿ ವಾಚೇ ಇರಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತು, ಮೇಜಿನ ಮೇಲೆ ದಪ್ಪನೆಯ ಲಕೋಟೆಯಿಟ್ಟು "ಸರ್, ನೀವು ಅವತ್ತು ಓಡಾಡಿದ ಜಾಗವನ್ನೆಲ್ಲ ಮೂರು ಸಲ ಒರೆಸಿ ಪರೀಕ್ಷೆ ಮಾಡಿಸಿದೀವಿ. ಗೋಡೆ, ನೆಲ, ಬಾಗಿಲ ಹಿಡಿ. ಏನೂ ಇಲ್ಲ ಸರ್. ನಮ್ಮ ಹುಡುಗೀರ ಬಿಲ್ಲೆಗಳೂ ಮಾಮೂಲಾಗೇ ಇವೆ. ನಿಮ್ಮದೊಂದರಲ್ಲೇ ಹೆಂಗೆ ಬಂತು ಅಂತ ತಲೆ ಕೆಟ್ಟು ಕೆರ ಹಿಡಿದುಹೋಗಿದೆ" ಎಂದ. ತಪಾಸಕ ಲಕೋಟೆಯನ್ನು ಬಿಚ್ಚಿ ಒಂದೊಂದೇ ಹಾಳೆ ತಿರುವಿದ. ಎಲ್ಲ ಅಚ್ಚುಕಟ್ಟು. ಅಚ್ಚುಕಟ್ಟಾಗಿ ಇರಲೇಬೇಕು, ಏಕೆಂದರೆ ಅಲ್ಲಿ ಏನೂ ಆಗಿಲ್ಲ ಎಂಬುದು ಈ ಭೂಮಿಯ ಮೇಲೆ ಒಬ್ಬನಿಗೆ ಚೆನ್ನಾಗಿ ಗೊತ್ತಿತ್ತು, ಆ ಒಬ್ಬ ಈಗ ಕನ್ನಡಕ ಒರೆಸಿಕೊಳ್ಳುತ್ತ ಹಾಳೆ ತಿರುವುತ್ತಿದ್ದ.

"ಅವತ್ತು ನಿಮ್ಮನ್ನ ಒಳಗೆ ಕರ್ಕೊಂಡುಹೋದ ಟೆಕ್ನೀಶಿಯನ್ ಇದಾಳಲ್ಲ ಸರ್, ಅವಳನ್ನ ಕೆಲಸದಿಂದ ದೂರ ಇಟ್ಟಿದೀವಿ" ಎಂದ ಗಡಿಯಾರ, ದನಿ ತಗ್ಗಿಸಿ. "ಅವಳೇ ಏನಾದ್ರೂ ಬಾಗಿಲು ಬೇಗ ತೆಗೆದಳೋ ಏನೋ ಅಂತ. ಅವಳು ಇಲ್ಲ ಅಂತಾಳೆ, ಅಳ್ತಾಳೆ. ನಂಗೂ ಅವಳ ತಪ್ಪು ಅನ್ನೋ ನಂಬಿಕೆ ಇಲ್ಲ ಸರ್, ಆದ್ರೆ ಆಡಳಿತದವರಿಗೆ ಯಾರಾದ್ರೂ ಒಬ್ಬರು ಬೇಕಲ್ಲ." ಅವನು ಹಾಳೆ ತಿರುವುವುದನ್ನು ನಿಲ್ಲಿಸಿದ. ಆ ಹುಡುಗಿ ಅವತ್ತು ಪ್ರತಿ ಬಾಗಿಲಲ್ಲೂ ತಿರುಗಿ ನಿಂತು, ಅಳತೆಯ ಯಂತ್ರವನ್ನು ಅವನಿಗೆ ತೋರಿಸಿ, ಅವನು ತಲೆಯಾಡಿಸಿದ ಮೇಲೆಯೇ ಹೆಜ್ಜೆ ಎತ್ತಿಟ್ಟಿದ್ದಳು. ಅಷ್ಟು ಎಚ್ಚರಿಕೆಯವಳನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ, ಹಾಗೆಂದು ವರದಿಯಲ್ಲೂ ಬರೆದಿದ್ದ. 'ಅವಳ ತಪ್ಪೇನಿಲ್ಲ' ಎಂಬ ಎರಡು ಮಾತು ನಾಲಿಗೆಯ ತುದಿಗೆ ಬಂತು. "ನೋಡೋಣ" ಎಂದ. "ಆಸ್ಪತ್ರೆಗಳಿಂದ ದಿನಾ ಫೋನು ಸರ್. ಸ್ಕ್ಯಾನಿಗೆ ಕಾಯ್ತಿರೋ ರೋಗಿಗಳು ಅಂದ್ರೆ..." ಎಂದು ಗಡಿಯಾರ ಮಾತು ನುಂಗಿ, ಎದ್ದು, ಬಾಗಿಲವರೆಗೂ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೋದ. ತನಗಿಂತ ಹೆಚ್ಚು ಓದಿದ, ತನ್ನದೇ ವಯಸ್ಸಿನ ಮನುಷ್ಯ ಹಾಗೆ ಬೆನ್ನು ತೋರಿಸದೆ ಹೋದದ್ದು ಅವನಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

ತಪಾಸಣೆಯ ದಿನ ಬೆಳಿಗ್ಗೆ ಆರಕ್ಕೇ ಅವನು ಘಟಕದಲ್ಲಿದ್ದ. ಎರಡು ಮೀಟರ್ ದಪ್ಪದ ಗೋಡೆಯಾಚೆ ಯಂತ್ರ ಗುಂಯ್ಗುಡುತ್ತಿತ್ತು. ಸೀಸದ ಗಾಜಿನ ಹಿಂದೆ ಒಂದು ಹನಿ ನೀರಿನಂಥದ್ದು ಸೀಸೆಗೆ ಇಳಿಯಿತು, ಸೀಸೆ ಸೀಸದ ಡಬ್ಬಿಗೆ, ಡಬ್ಬಿ ವ್ಯಾನಿಗೆ. ವ್ಯಾನು ಹೊರಟ ಹೊತ್ತನ್ನು ಅವನು ಬರೆದುಕೊಂಡ. ಆಗಲೇ ಫೋನು ಬಂದದ್ದು. ಪರದೆಯ ಮೇಲೆ ಹೆಂಡತಿಯ ಹೆಸರು ಕಂಡು ಕೈತಪ್ಪಿ ಒತ್ತಿರಬೇಕು ಎಂದುಕೊಂಡ, ಮನೆ ಬಿಟ್ಟು ಹೋದ ಈ ಎಂಟು ವರ್ಷದಲ್ಲಿ ಮಗಳ ಮದುವೆಯ ಮಾತಿಗೆ ಬಿಟ್ಟರೆ ಅವಳು ಮಾಡಿದವಳಲ್ಲ. "ಇವತ್ತು ಬಿಡುವಿದ್ಯಾ?" ಎಂದಳು. "ಒಂದು ಸ್ಕ್ಯಾನ್ ಇದೆ. ಜೊತೆಗೆ ಒಬ್ಬರು ಇರ್ಲೇಬೇಕಂತೆ, ಇಲ್ದಿದ್ರೆ ಮಾಡಲ್ಲ ಅಂತಾರೆ. ಮಗಳು ನಾಲ್ಕು ತಿಂಗಳ ಬಸುರಿ, ಅವಳು ನನ್ನ ಹತ್ರ ಬರೋ ಹಾಗಿಲ್ಲ. ಬೇರೆ ಯಾರೂ ಇಲ್ಲ, ಅದಕ್ಕೇ." ಅದಕ್ಕೇ! ಆ ಪದ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು, ಆದರೂ ಕಾಲುಗಳು ಆಗಲೇ ಮೆಟ್ಟಿಲಿಳಿಯುತ್ತಿದ್ದವು. ಮಗಳಿಗೆ ಮಾತ್ರ ಹೇಳಕೂಡದು, ಹೆರಿಗೆಯಾಗುವ ತನಕ ಯಾರಿಗೂ ಗೊತ್ತಾಗಕೂಡದು ಎಂದು ಅವಳು ಆಣೆ ಹಾಕಿಸಿಕೊಂಡಳು. ಟ್ಯಾಕ್ಸಿಯಲ್ಲಿ ಕೂತಾಗಲೂ ಬಿಲ್ಲೆ ಎಡ ಜೇಬಿನಲ್ಲೇ ಇತ್ತು. ಘಟಕದಿಂದ ಹೊರಡುವಾಗ ಬಿಚ್ಚಿ ಪೆಟ್ಟಿಗೆಗೆ ಹಾಕುವುದು ಇಪ್ಪತ್ತೆರಡು ವರ್ಷದ ಅಭ್ಯಾಸ. ಅವತ್ತೊಂದು ದಿನ ಮರೆತ.

ಅವಳು ಹೋದದ್ದು ಜಗಳವಾಡಿಕೊಂಡಲ್ಲ. ಜಗಳಕ್ಕೆ ಇಬ್ಬರು ಬೇಕು, ಅವನು ಯಾವತ್ತೂ ಅದಕ್ಕೆ ಸಿಕ್ಕಿದವನಲ್ಲ. ಎರಡು ಗಂಟೆ ದಾರಿಯ ಊರಿನ ಶಾಲೆಗೆ ಹೆಡ್‌ಮಿಸ್ಸಾಗಿ ವರ್ಗವಾಯಿತು, ವಾರಕ್ಕೊಮ್ಮೆ ಬರುತ್ತೇನೆಂದಳು, ತಿಂಗಳಿಗೊಮ್ಮೆ ಬಂದಳು, ಆಮೇಲೆ ಬರಲಿಲ್ಲ. ಸಾಮಾನು ಕಟ್ಟಿದ ದಿನ ಪೆಟ್ಟಿಗೆಗಳ ನಡುವೆ ನಿಂತು ಅವನ ಮುಖವನ್ನೇ ನೋಡಿದ್ದಳು. ಬಾಯಿಬಿಟ್ಟು ಒಂದು ಮಾತು ಆಡು ಎಂದು ಆ ಕಣ್ಣುಗಳು ಕೇಳುತ್ತಿದ್ದವು, ಕುರುಡನಿಗೂ ಕಾಣುತ್ತಿತ್ತು. ಅವನು ಬಗ್ಗಿ, ಪಾತ್ರೆಯ ಪೆಟ್ಟಿಗೆಗೆ ಇನ್ನೊಂದು ಸುತ್ತು ಟೇಪು ಅಂಟಿಸಿದ. "ನೀವು ಮನೇಲಿದ್ದಾಗ್ಲೂ ಪಕ್ಕದ ಮನೇಲಿ ಇದ್ದ ಹಾಗೇ ಇರ್ತೀರಿ" ಎಂದಿದ್ದಳು, ಕೋಪವಿಲ್ಲದೆ. ಈಗಲೂ ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟಾಗ ಚಪ್ಪಲಿ ಬಿಡುವ ಜಾಗದಲ್ಲಿ ಬಲಕ್ಕೆ ಅಷ್ಟು ಜಾಗ ಬಿಟ್ಟೇ ತನ್ನದನ್ನು ಬಿಡುತ್ತಿದ್ದ. ಯಾರಿಗೆ ಗೊತ್ತು ಈ ಹುಚ್ಚು? ಅವಳು ಬೇಕು ಎನ್ನಿಸುತ್ತಿತ್ತು, ಅಷ್ಟೇ. ದಿನವೂ, ಹಸಿವಿನ ಹಾಗೆ, ಹೊತ್ತಿಗೆ ಸರಿಯಾಗಿ.

ಸ್ಕ್ಯಾನ್ ಮುಗಿಸಿ ಹೊರಬಂದಾಗ ಅವಳ ಮುಖ ಸೋತಿತ್ತು. ಚುಚ್ಚಿದ ಔಷಧ ಮೈಯಿಂದ ಕಿರಣ ಸೂಸುತ್ತಿರುತ್ತದೆ, ಎರಡು ಗಂಟೆ ಯಾರ ಹತ್ತಿರವೂ ಕೂರಬೇಡಿ ಎಂದು ನರ್ಸು ಹೇಳಿ ಕಳಿಸಿದ್ದಳು. ಆಸ್ಪತ್ರೆಯ ಹಿಂಬದಿಯ ಉದ್ದನೆಯ ಓಣಿಯಲ್ಲಿ, ಯಾರೂ ಬಾರದ ಕಡೆ ಒಂದು ಮರದ ಬೆಂಚು. ಅವನು ಈ ತುದಿಯಲ್ಲಿ ಕೂತ, ಅವಳಿಗೆ ಆ ತುದಿ ತೋರಿಸಿದ. ಅವಳು ಆ ತುದಿಗೆ ಚೀಲವಿಟ್ಟು ಬಂದು ಅವನ ಪಕ್ಕದಲ್ಲಿ ಕೂತಳು. ಏಳಬೇಕಿತ್ತು. ಪ್ರತಿ ಹೆಜ್ಜೆ ದೂರಕ್ಕೂ ಕಿರಣ ಎಷ್ಟು ಕಡಿಮೆಯಾಗುತ್ತದೆ ಎಂಬ ಪಾಠವನ್ನು ಊರೂರಿಗೆ ಹೋಗಿ ಹೇಳಿದವನು. ಸ್ವಲ್ಪ ಹೊತ್ತಿಗೆ ಅವಳ ತಲೆ ಅವನ ಎಡ ಹೆಗಲಿಗೆ ಒರಗಿತು, ಉಸಿರು ನಿಧಾನವಾಯಿತು. ನಿದ್ದೆ. ಅವಳ ಕೂದಲಲ್ಲಿ ಬಿಳಿ ಜಾಸ್ತಿಯಾಗಿತ್ತು, ಎಣ್ಣೆಯ ವಾಸನೆ ಮಾತ್ರ ಅದೇ. ಹತ್ತು ನಿಮಿಷವಾದ ಮೇಲೆ ಜೇಬಿನ ಬಿಲ್ಲೆ ನೆನಪಾಯಿತು. ಬಲಗೈಯಿಂದ ಕಿತ್ತು ದೂರ ಎಸೆದರೆ ಮುಗಿಯಿತು. ಆದರೆ ಕೈ ಎತ್ತಿದರೆ ಹೆಗಲು ಅಲ್ಲಾಡುತ್ತದೆ, ಹೆಗಲು ಅಲ್ಲಾಡಿದರೆ ಎಚ್ಚರವಾಗುತ್ತದೆ, ಎಚ್ಚರವಾದರೆ ಅವಳು ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡು 'ಹೊರಡೋಣ' ಎನ್ನುತ್ತಾಳೆ. ಕೈ ಎತ್ತಲಿಲ್ಲ. ಬೆಳಿಗ್ಗೆ ತನ್ನ ಕಣ್ಣೆದುರೇ ವ್ಯಾನು ಹತ್ತಿದ ಹನಿ ಈಗ ಇವಳ ರಕ್ತದಲ್ಲಿ ಓಡುತ್ತಿದೆ, ಅಲ್ಲಿಂದ ತನ್ನೆದೆಗೆ ತಾಗುತ್ತಿದೆ ಎಂದುಕೊಂಡಾಗ ಹೆದರಿಕೆಯಾಗಬೇಕಿತ್ತು. ಅವನಿಗೆ ಸುಖವೆನಿಸಿತು, ಹೇಳಲು ನಾಚಿಕೆಯಾಗುವಂಥ ಸುಖ. ಒಂದೂಮುಕ್ಕಾಲು ಗಂಟೆ. ತೋಳು ಮರಗಟ್ಟಿಹೋಯಿತು. ಆಮೇಲೆ ಅವಳು ಎದ್ದಳು, ಸೆರಗು ಸರಿಮಾಡಿಕೊಂಡಳು, "ರಿಪೋರ್ಟ್ ಬಂದ್ಮೇಲೆ ಫೋನ್ ಮಾಡ್ತೀನಿ" ಎಂದಳು. ಮೂರೂವರೆ ತಿಂಗಳಾಯಿತು, ಮಾಡಲಿಲ್ಲ. ಅವನು ಎಷ್ಟೋ ಸಲ ನಂಬರು ತೆಗೆದು, ನೋಡಿ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ನಿದ್ದೆಗಣ್ಣಿನವಳಿಗೆ ಒರಗಲು ಹೆಗಲಾದರೇನು, ಕಂಬವಾದರೇನು? ತಾನಾಗಿ ಏನೇನೋ ಕಟ್ಟಿಕೊಂಡು ಫೋನು ಮಾಡಿ, ಆ ಕಡೆಯಿಂದ 'ಯಾಕೆ, ಏನಾಗಬೇಕಿತ್ತು?' ಎಂದರೆ ಮುಖ ಎಲ್ಲಿಟ್ಟುಕೊಳ್ಳುವುದು?

ಎರಡೂವರೆಗೆ ಡೈರೆಕ್ಟರ್ ಮೇಡಂ ಕರೆಸಿದರು. ಅವನಿಗಿಂತ ಚಿಕ್ಕವರು, ಬುದ್ಧಿವಂತರು, ಸುತ್ತಿ ಬಳಸಿ ಮಾತಾಡುವವರಲ್ಲ. "ಏನ್ ಸರ್, ಬರವಣಿಗೆ ಇನ್ನೂ ಮುಗೀಲಿಲ್ವಾ? ಕಾದಂಬರಿ ಬರೀತಿದೀರಾ?" ಎಂದು ನಕ್ಕರು. ಅವನೂ ನಗುವ ಪ್ರಯತ್ನ ಮಾಡಿದ. "ನೋಡಿ, ನಿಮ್ಮನ್ನ ಯಾರೂ ಅನುಮಾನಿಸ್ತಿಲ್ಲ. ಆ ತಿಂಗಳು ನೀವು ಮೀಟಿಂಗಿಗೆ ವಿಮಾನದಲ್ಲಿ ಹೋಗಿದ್ರಿ ಅಲ್ವಾ? ಬಿಲ್ಲೆ ಬ್ಯಾಗಲ್ಲಿತ್ತು, ಅಲ್ಲಿ ಬ್ಯಾಗ್ ತಪಾಸಣೆ ಮಾಡೋ ಎಕ್ಸ್‌ರೇ ಯಂತ್ರದೊಳಗೆ ಹೋಯ್ತು, ಅಂತ ಎರಡು ಗೆರೆ ಬರೀರಿ. ಎಷ್ಟೋ ಜನಕ್ಕೆ ಆಗುತ್ತೆ. ಆ ಅಂಕಿ ನಿಮ್ಮ ಮೈಗೆ ಬಿದ್ದದ್ದಲ್ಲ ಅಂತ ನಾನು ಷರಾ ಹಾಕ್ತೀನಿ. ಅಂಕಿ ಹೊಡೆದುಹಾಕಿ ಸೊನ್ನೆ ಮಾಡ್ತಾರೆ. ಘಟಕದ ಕಡತಕ್ಕೆ ಇವತ್ತೇ ಸಹಿ. ಎಲ್ಲರಿಗೂ ಒಳ್ಳೇದು." ನಿಜವೇ, ಎಲ್ಲರಿಗೂ ಒಳ್ಳೆಯದು. ಟೆಕ್ನೀಶಿಯನ್ ಹುಡುಗಿ ಕೆಲಸಕ್ಕೆ ಮರಳುತ್ತಾಳೆ, ಗಡಿಯಾರ ವಾಚು ಕಟ್ಟಿಕೊಳ್ಳುತ್ತಾನೆ, ಹೆಂಡತಿಯ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಅವನಿಗೆ ಎದೆಯಲ್ಲಿ ಯಾರೋ ಕೈಹಾಕಿ ಕಿತ್ತ ಹಾಗಾಯಿತು. ಸೊನ್ನೆ ಮಾಡ್ತಾರೆ! ಅವಳು ತನಗೆ ಒರಗಿದ್ದಕ್ಕೆ ಈ ಲೋಕದಲ್ಲಿ ಇರುವ ಗುರುತು ಅದೊಂದೇ, ಚುಕ್ಕಿಯ ಮುಂದಿನ ಆ ಮೂರು. ಅದನ್ನೂ ಹೊಡೆದುಹಾಕಿದರೆ ಆ ಮಧ್ಯಾಹ್ನ ಆಗಿಯೇ ಇರಲಿಲ್ಲ ಎಂದಾಗುತ್ತದೆ. "ಇವತ್ತು ಸಂಜೆಯೊಳಗೆ ಕೊಡ್ತೀನಿ ಮೇಡಂ" ಎಂದು ಎದ್ದ.

ತನ್ನ ಕುರ್ಚಿಗೆ ಮರಳಿ ಕೂತ ಮೇಲೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ನಿಜ ಬರೆದರೆ ರೋಗಿಯ ಹೆಸರು ಬರೆಯಬೇಕು, ಸಂಬಂಧ ಬರೆಯಬೇಕು, ಆಸ್ಪತ್ರೆಯ ಚೀಟಿ ಲಗತ್ತಿಸಬೇಕು. ಹಾಳೆ ಆರು ಮೇಜು ದಾಟುತ್ತದೆ. ಆ ಆರು ಮೇಜಿನವರೂ ಮಗಳ ಮದುವೆಗೆ ಬಂದು ಉಂಡುಹೋದವರು. ಸಂಜೆಯಾಗುವುದರೊಳಗೆ ಯಾರಾದರೊಬ್ಬ ಪುಣ್ಯಾತ್ಮ ಮಗಳಿಗೆ ಫೋನು ಮಾಡಿ 'ಅಮ್ಮ ಹೇಗಿದ್ದಾರಮ್ಮಾ?' ಎಂದು ಲೊಚಗುಟ್ಟದೆ ಇರುವುದಿಲ್ಲ. ಸುಳ್ಳು ಬರೆಯಲು ಮನಸ್ಸು ಬರುವುದಿಲ್ಲ. ಹಾಗೆಂದು ಅದು ಸತ್ಯದ ಮೇಲಿನ ಪ್ರೀತಿಯೂ ಅಲ್ಲ, ಅಷ್ಟು ದೊಡ್ಡ ಮನುಷ್ಯನೇನಲ್ಲ ಅವನು. ಒಂದು ಅಂಕಿಯನ್ನು ಎದೆಗವಚಿಕೊಂಡು ಕೂತಿದ್ದಾನೆ, ಅದಕ್ಕಾಗಿ ಒಬ್ಬ ಹುಡುಗಿ ಮನೆಯಲ್ಲಿ ಅಳುತ್ತಿದ್ದಾಳೆ, ಎಲ್ಲೆಲ್ಲೋ ರೋಗಿಗಳು ಕಾಯುತ್ತಿದ್ದಾರೆ. ಫೋನು ಬಡಿದುಕೊಂಡದ್ದು ಆಗ. ಪರದೆಯ ಮೇಲೆ ಹೆಂಡತಿಯ ಹೆಸರು. ಒಂದು ಗಳಿಗೆ ಅವನಿಗೆ ಇಡೀ ಕಚೇರಿ, ಫಾರಂ, ಗಡಿಯಾರ, ಎಲ್ಲ ಮರೆತುಹೋಯಿತು. ಬಾಗಿಲು ಮುಚ್ಚಿ ಬಂದು ಎತ್ತಿಕೊಂಡ.

"ಗುರುವಾರ ನಂಗೆ ಎರಡನೇ ಸ್ಕ್ಯಾನ್ ಇತ್ತು" ಎಂದಳು ಅವಳು, ಹೇಗಿದ್ದೀರಿ ಎಂದೂ ಕೇಳದೆ. "ಔಷಧ ಬರ್ತಿಲ್ಲ, ತಯಾರಿಸೋ ಜಾಗ ನಿಲ್ಲಿಸಿಬಿಟ್ಟಿದಾರೆ, ಯಾವಾಗ ಅಂತ ಹೇಳೋಕಾಗಲ್ಲ ಅಂದ್ರು. ನಿಲ್ಲಿಸಿರೋದು ನಿಮ್ಮ ಕಚೇರಿಯೋರಂತೆ. ಸ್ವಲ್ಪ ಕೇಳಿ ನೋಡ್ತೀರಾ?" "ಎರಡನೇದಾ? ಮೊದಲ್ನೇದರಲ್ಲಿ ಏನು ಬಂತು?" ಎಂದ. "ಬಂದದ್ದು ಬಂತು. ಮೂರು ತಿಂಗಳು ಔಷಧಿ ಹಾಕಿಸ್ಕೊಂಡಿದೀನಿ. ಕೂದಲೆಲ್ಲ ಹೋಯ್ತು, ಶಾಲೆ ಮಕ್ಕಳು ಟೀಚರ್ ಸ್ಕಾರ್ಫ್ ಚೆನ್ನಾಗಿದೆ ಅಂತಾರೆ. ಈಗ ಅದು ಕರಗಿದ್ಯಾ ಇಲ್ವಾ ಅಂತ ನೋಡ್ಬೇಕು. ಅದಕ್ಕೆ ಸ್ಕ್ಯಾನು." ಅವಳ ದನಿ ಎಂದಿನಂತೆಯೇ ಇತ್ತು, ಪರೀಕ್ಷೆಯ ವೇಳಾಪಟ್ಟಿ ಓದುವ ಹಾಗೆ. ಆ ಬಿಳಿಕೂದಲು, ಆ ಎಣ್ಣೆಯ ವಾಸನೆ, ಎಲ್ಲ ಹೋಯಿತೆ? ಅವಳು ಒಬ್ಬಳೇ ಹೋಗಿ ಹೋಗಿ ಬಂದಳೆ? "ಕೇಳಿಸ್ತಾ ಇದ್ಯಾ?" ಎಂದಳು ಅವಳು.

"ನಿಲ್ಲಿಸಿರೋದು ನಾನೇ" ಎಂದ. ಆಮೇಲೆ ಒಮ್ಮೆ ಬಾಯಿಬಿಟ್ಟದ್ದು ನಿಲ್ಲಲೇ ಇಲ್ಲ. ಬಿಲ್ಲೆ, ಅಂಕಿ, ನೋಟಿಸು, ಕೆಲಸ ಹೋಗಿ ಕೂತ ಹುಡುಗಿ, ಮೇಡಂ ಹೇಳಿಕೊಟ್ಟ ಸುಳ್ಳು, ಅದನ್ನು ಬರೆದರೆ ಸೊನ್ನೆಯಾಗುವುದು, ತನಗೆ ಸೊನ್ನೆ ಬೇಡವಾದದ್ದು, ಎಲ್ಲ ಹೇಳಿದ. ಮೂವತ್ತು ವರ್ಷದ ದಾಂಪತ್ಯದಲ್ಲಿ ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲಿರಬೇಕು. "ಅಯ್ಯೋ ದೇವರೇ, ಎಂಥ ಮನುಷ್ಯರ್ರೀ ನೀವು" ಎಂದಳು ಅವಳು. "ಅಷ್ಟು ಜನ ಕಾಯ್ತಿದಾರೆ. ಒಂದು ಫೋನ್ ಮಾಡಿ ಕೇಳೋಕಾಗ್ಲಿಲ್ವಾ ನಂಗೆ?" "ನೀನು ಮಾಡ್ತೀನಿ ಅಂದಿದ್ದೆ." "ಹೂಂ, ಅಂದಿದ್ದೆ. ರಿಪೋರ್ಟ್ ಕೈಗೆ ಬಂತು, ಹೇಳೋಕೆ ಬಾಯಿ ಬರ್ಲಿಲ್ಲ. ನೀವಾದ್ರೂ ಮಾಡ್ತೀರೇನೋ ಅಂತ ಕಾದೆ." ಅವಳ ದನಿ ಮೊದಲ ಸಲ ನಡುಗಿತು, ಕೂಡಲೇ ಗಟ್ಟಿಯಾಯಿತು. "ನನ್ನ ಹೆಸರು ಬರೀರಿ. ಮಗಳಿಗೆ ಈಗ್ಲೇ ನಾನೇ ಹೇಳ್ತೀನಿ, ಬೇರೆಯೋರ ಬಾಯಲ್ಲಿ ಕೇಳೋದು ಬೇಡ. ಇವತ್ತು ಕೊಟ್ರೆ ಯಾವಾಗ ಶುರು ಮಾಡ್ತಾರೆ?" "ಸೋಮವಾರ." "ಹಾಗಾದ್ರೆ ಸೋಮವಾರ ಬನ್ನಿ. ಆ ಬಿಲ್ಲೆ ಬಿಚ್ಚಿಟ್ಟು ಬನ್ನಿ, ಪುಣ್ಯ ಬರುತ್ತೆ."

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅವನು ಎಂಟನೇ ಕಾಲಂ ಬರೆಯತೊಡಗಿದ. ಓದಿ ಹೇಳಿ, ಎಂದಳು ಅವಳು; ಹೆಡ್‌ಮಿಸ್ಸು ತಾನೆ, ತಪ್ಪು ತಿದ್ದದೆ ಬಿಡುವವಳಲ್ಲ. ಅವನು ಓದಿದ: "ಘಟಕದಲ್ಲಿ ಯಾವ ಸೋರಿಕೆಯೂ ಆಗಿರುವುದಿಲ್ಲ, ಅಲ್ಲಿಯ ಸಿಬ್ಬಂದಿಯ ತಪ್ಪು ಏನೂ ಇರುವುದಿಲ್ಲ. ಅದೇ ದಿನ ಸ್ಕ್ಯಾನ್ ಮಾಡಿಸಿಕೊಂಡಿದ್ದ ನನ್ನ ಹೆಂಡತಿಯ ಪಕ್ಕದಲ್ಲಿ ನಾನು ಬಿಲ್ಲೆ ಧರಿಸಿಯೇ ಒಂದೂಮುಕ್ಕಾಲು ಗಂಟೆ ಕುಳಿತಿದ್ದೆನು. ಹತ್ತು ನಿಮಿಷದ ನಂತರ ಬಿಲ್ಲೆಯ ನೆನಪಾದರೂ, ಅವರು ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದರಿಂದ ತೆಗೆಯಲಿಲ್ಲ. ತಪ್ಪು ನನ್ನದು." ಶಾಲೆಯ ಗಂಟೆ ಹೊಡೆದದ್ದು, ಮಕ್ಕಳು ಹೋ ಎಂದು ಹೊರಗೆ ನುಗ್ಗಿದ್ದು ಫೋನಿನಲ್ಲಿ ಕೇಳಿಸಿತು.

"ನಿದ್ದೆ ಅಂತ ಬರೀಬೇಡಿ" ಎಂದಳು.

"ಮತ್ತೆ?"

"ನಿದ್ದೆ ಬಂದಿರ್ಲಿಲ್ಲ ನಂಗೆ. ಅಷ್ಟು ಹೊತ್ತೂ ಎಚ್ಚರವಾಗೇ ಇದ್ದೆ. ಎದ್ದರೆ ನೀವು ಆ ತುದಿಗೆ ಹೋಗಿಬಿಡ್ತೀರಿ ಅಂತ ಸುಮ್ನಿದ್ದೆ."

ಪೆನ್ನು ಅವನ ಕೈಯಲ್ಲೇ ಇತ್ತು. 'ನಿದ್ದೆ ಹೋಗಿದ್ದರಿಂದ' ಎಂಬುದರ ಮೇಲೆ ಒಂದು ಗೆರೆ ಎಳೆದ. ಮೇಲುಗಡೆ ಸಣ್ಣ ಅಕ್ಷರದಲ್ಲಿ 'ಎಚ್ಚರವಾಗಿದ್ದುದರಿಂದ' ಎಂದು ಬರೆದ. ಅವಳು "ಬರೆದ್ರಾ?" ಎಂದಳು. ಹೂಂ ಎಂದ, ಕೆಳಗೆ ಸಹಿ ಹಾಕಿದ.